ರೇಣವ್ವನ ಬೆನ್ನು

ಜಾಲಿ ಅಂಟು ಮತ್ತು ಕಂದೀಲಿನ ಮಸಿ ಒಟ್ಟಿಗೆ ಕುದಿಯುವಾಗ ಒಂದು ವಾಸನೆ ಬರುತ್ತಿತ್ತು. ಸೀದ ಬೆಲ್ಲದಂತೆ ಸ್ವಲ್ಪ, ಹಸಿ ತೊಗಟೆಯಂತೆ ಸ್ವಲ್ಪ, ಅದರ ಹಿಂದೆಯೇ ಸೀಮೆಎಣ್ಣೆಯ ಸಣ್ಣ ಘಾಟು. ದೇವಣಗಾಂವದ ಮನೆಯ ಹಿತ್ತಿಲಲ್ಲಿ, ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಸುವರ್ಣಾಳ ಅಪ್ಪ ಅದನ್ನು ಕುದಿಸುತ್ತಿದ್ದ. ಊರಿಗೆಲ್ಲ ಅವನು ಪೇಂಟರ್ ಪರಶು. ಶಾಲೆಯ ಗೋಡೆಯ ಮೇಲಿನ ಅಕ್ಷರ, ಹಿಟ್ಟಿನ ಗಿರಣಿಯ ಹೆಸರು, ಏಪ್ರಿಲ್ ತಿಂಗಳ ಬಾಬಾಸಾಹೇಬರ ಜಯಂತಿಗೆ ಬಟ್ಟೆಯ ಮೇಲೆ ಬರೆಯುವ ಘೋಷಣೆ, ಎಲ್ಲ ಅವನದೇ ಕೈ. ಅಂಗಡಿಯ ಬಣ್ಣ ಸಿಗದ ದಿನಗಳಲ್ಲಿ ಮಸಿಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ. ಕಂದೀಲಿನ ಗಾಜಿಗೆ ಹತ್ತಿದ ಕಪ್ಪನ್ನು ಕೋಳಿಯ ಪುಕ್ಕದಿಂದ ಬಿಡಿಸಿ ಬಟ್ಟಲಿಗೆ ಕೆಡಹುವುದು ಮಗಳ ಕೆಲಸ. ಜೋರಾಗಿ ಉಸಿರು ಬಿಟ್ಟರೆ ಅಷ್ಟೂ ಹಾರಿಹೋಗುತ್ತಿತ್ತು. ಉಸಿರು ಹಿಡಿದು ಕೆಲಸ ಮಾಡುವುದನ್ನು ಅವಳು ಆರನೆಯ ವಯಸ್ಸಿಗೇ ಕಲಿತಳು.

ಈಗ ಅವಳಿಗೆ ಅರವತ್ತಮೂರು. ಈಗ ಅವಳು ಚಿತ್ರ ಬರೆಯುವ ಗಾಜಿನ ಹಲಗೆಗೆ ಯಾವ ವಾಸನೆಯೂ ಇಲ್ಲ. ಅದನ್ನು ಕೈಗೆತ್ತಿಕೊಂಡದ್ದೇ ಆ ಕಾರಣಕ್ಕೆ.

ಮೂವತ್ತನಾಲ್ಕು ವರ್ಷ ಅವಳು ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವಳು. ಇಂಡಿ ಕಡೆಯ ಅಗರಖೇಡದಲ್ಲಿ ಶುರುವಾಗಿ, ಮುದ್ದೇಬಿಹಾಳ, ಆಮೇಲೆ ಬಸವನ ಬಾಗೇವಾಡಿ ಕಡೆಯ ಹೂವಿನ ಹಿಪ್ಪರಗಿ ಎಂದು ಸುತ್ತಿ ಕೊನೆಗೆ ಸಿಂದಗಿಗೆ ಬಂದು ನಿಂತಳು. ಮದುವೆಯಾಗಲಿಲ್ಲ. ಮಾತುಕತೆ ಕುದುರುವ ಹೊತ್ತಿಗೆ ಪ್ರತಿಸಲವೂ ಒಂದು ವರ್ಗಾವಣೆ ಬರುತ್ತಿತ್ತು ಎಂದು ತಾನೇ ಹೇಳಿ ನಗುತ್ತಿದ್ದಳು. ನಿವೃತ್ತಿಯ ದಿನ ಶಾಲು, ಹಾರ, ಬೆಳ್ಳಿಯ ಬಟ್ಟಲು ಕೊಡುವುದು ಆ ಶಾಲೆಯ ರೂಢಿ. ಕಂಪ್ಯೂಟರ್ ಕಲಿಸುತ್ತಿದ್ದ ಅಬಿದಾ ಮಾತ್ರ ಪಟ್ಟು ಹಿಡಿದಳು. "ಬಟ್ಟಲಾ ತಗೊಂಡ ಏನ ಮಾಡ್ತಾರ್ರಿ ಅವರು? ಬ್ಯಾಳಿ ಹುರಿತಾರೇನು?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಒಪ್ಪಿಸಿ, ಪೆನ್ನಿನ ಸಮೇತ ಒಂದು ಟ್ಯಾಬ್ ತರಿಸಿದಳು.

ಅದು ಹಾಗೇ ಕಪಾಟು ಸೇರಿತು. ಒಂಬತ್ತನೆಯ ದಿನ ದೇವಣಗಾಂವದಲ್ಲಿ ತಾಯಿ ರೇಣವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಗೆ ಹತ್ತಿರ ಎಂದು ಸುವರ್ಣಾ ಅವಳನ್ನು ಸಿಂದಗಿಯ ತನ್ನ ಬಾಡಿಗೆ ಮನೆಗೆ ಕರೆತಂದಳು. ತಿಂಗಳೊಪ್ಪತ್ತಿಗೆ ಎಂದು ಬಂದವಳು ಮತ್ತೆ ಕಾಲ ಮೇಲೆ ನಿಲ್ಲಲಿಲ್ಲ. ಎರಡು ವರ್ಷ ಹಾಸಿಗೆ.

ಎತ್ತಿ ಕೂರಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಆರಿಸುವುದು. ಮಾಡಿದವರಿಗೆ ಗೊತ್ತು, ಆ ಕೆಲಸಕ್ಕೆ ಕೊನೆ ಎಂಬುದು ದಿನದಲ್ಲಿ ಎಲ್ಲೂ ಇರುವುದಿಲ್ಲ. ಸುವರ್ಣಾಳ ಬಲ ಮಣಿಕಟ್ಟು ಮೊದಲ ವರ್ಷದಲ್ಲೇ ಸೋತಿತು. ಹೊತ್ತು ಕಳೆಯಲು ಹಳೆಯ ಬಣ್ಣದ ಡಬ್ಬಿ ತೆಗೆದರೆ ಎಣ್ಣೆಯ ವಾಸನೆಗೆ ತಾಯಿಗೆ ಕೆಮ್ಮು ಹತ್ತುತ್ತಿತ್ತು, ಕೆಮ್ಮಿದರೆ ಸೊಂಟ ಚಳಕ್ ಎನ್ನುತ್ತಿತ್ತು. ಆಗ ಕಪಾಟಿನ ಟ್ಯಾಬ್ ನೆನಪಾಯಿತು.

ಅಬಿದಾ ಶನಿವಾರ ಮಧ್ಯಾಹ್ನ ಬಂದು ಹೇಳಿಕೊಡುತ್ತಿದ್ದಳು. ಬರುವಾಗ ರೇಣವ್ವನಿಗೆ ಹಲ್ಲಿಲ್ಲದವರು ತಿನ್ನುವಂಥ ಮೆತ್ತನ್ನ ಶೀರಾ ಒಂದು ಡಬ್ಬಿಯಲ್ಲಿ ತರುತ್ತಿದ್ದಳು. ಅದನ್ನು ತಂದೆನೆಂದು ಹೇಳದೆ ಸುಮ್ಮನೆ ಕಿಟಕಿಯಲ್ಲಿ ಇಡುತ್ತಿದ್ದಳು.

"ನೋಡ್ರಿ ಸುವರ್ಣಕ್ಕಾ, ಪೆನ್ ಒತ್ತಿದ್ರ ಗೆರಿ ದಪ್ಪ, ಸಡ್ಲ ಬಿಟ್ರ ಸಣ್ಣದು. ತಪ್ಪಾದ್ರ ಎರಡ ಬೆರಳಿಲೆ ಹಿಂಗ ತಟ್ರಿ. ಬರದದ್ದು ವಾಪಸ್ ಹೊಕ್ಕೈತಿ."

ಹಾಸಿಗೆಯಿಂದ ರೇಣವ್ವ ಕತ್ತೆತ್ತಿದಳು. "ಏನs ತಪ್ಪಾದ್ರೂ ಹೊಕ್ಕೈತೇನವ್ವಾ?"

"ಹೂಂನಬೇ."

"ಹಂಗಾರ ನನ್ನ ಲಗ್ನಾ ಆದ ದಿನದ ಮ್ಯಾಲ ಒಮ್ಮಿ ತಟ್ಟ ನೋಡು."

ಮೂವರೂ ನಕ್ಕರು. ನಗುವಾಗ ಸೊಂಟ ನೋಯದಂತೆ ಸುವರ್ಣಾ ತಾಯಿಯ ಮಗ್ಗುಲನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು.

ಅದೇ ಟ್ಯಾಬಿನಲ್ಲಿ ಅವಳಿಗೆ ಜಪಾನಿನ ಮುದುಕನೊಬ್ಬ ಸಿಕ್ಕ. ಮಸಿಯಿಂದ ಚಿತ್ರ ಬರೆಯುವುದನ್ನು ತೋರಿಸುವ ವಿಡಿಯೊ. ಅವನ ಮಾತು ತಿಳಿಯುತ್ತಿರಲಿಲ್ಲ. ತಾಯಿ ಮಲಗಿರುತ್ತಾಳೆ ಎಂದು ದನಿಯನ್ನೂ ಅವಳು ಹಚ್ಚುತ್ತಿರಲಿಲ್ಲ. ಮುದುಕ ಕಲ್ಲಿನ ಮೇಲೆ ಮಸಿಯ ತುಂಡನ್ನು ನೀರು ಹಾಕಿ ತೇಯುತ್ತಿದ್ದ. ಎಷ್ಟೋ ಹೊತ್ತು ತೇದು, ಕುಂಚ ಅದ್ದಿ, ಹಾಳೆಯ ಮುಂದೆ ಸುಮ್ಮನೆ ಕೂರುತ್ತಿದ್ದ. ಆಮೇಲೆ ನಾಲ್ಕೇ ಗೆರೆ. ಬಿದಿರು ಆಗಿರುತ್ತಿತ್ತು. ಉಳಿದ ಹಾಳೆಯನ್ನು ಹಾಗೇ ಬಿಡುತ್ತಿದ್ದ. ಆ ಬಿಟ್ಟ ಜಾಗದಲ್ಲಿ ಸುವರ್ಣಾಳಿಗೆ ಮಂಜು ಕಾಣುತ್ತಿತ್ತು, ಒಂದೊಂದು ದಿನ ನೀರು ಕಾಣುತ್ತಿತ್ತು.

"ಆ ಯಪ್ಪ ಇವತ್ತರ ಉಂಡಾನೋ ಇಲ್ಲೋ," ಎನ್ನುತ್ತಿದ್ದಳು ರೇಣವ್ವ. "ಕುಂತಲ್ಲೇ ಕುಂತಿರತಾನ."

ಮತ್ತೊಂದು ದಿನ ಮಗಳು ಹಳೆಯ ಜಪಾನೀ ಅಚ್ಚಿನ ಚಿತ್ರಗಳನ್ನು ತೋರಿಸಿದಳು. ಮರದ ಹಲಗೆಯಲ್ಲಿ ಕೆತ್ತಿ ಕಾಗದದ ಮೇಲೆ ಒತ್ತಿದವು. ಓರೆಯಾಗಿ ಸುರಿಯುವ ಮಳೆ, ಉದ್ದನೆಯ ಸೇತುವೆ, ಹುಲ್ಲಿನ ಹೊದಿಕೆ ಹೊದ್ದು ಬಗ್ಗಿ ನಡೆಯುವ ಸಣ್ಣ ಸಣ್ಣ ಜನ. ರೇಣವ್ವ ಬಹಳ ಹೊತ್ತು ನೋಡಿದಳು.

"ಇವರೆಲ್ಲಾ ಕಳೆ ತಗ್ಯಾಕ ಹೊಂಟಾರ. ಕೊಪ್ಪಿ ಹಾಕ್ಕೊಂಡಾರ ನೋಡು, ನಮ್ಮಂಗ. ಇವರಿಗೂ ದಿನಾ ಬ್ಯಾಸರಾ ಬಂದಿರಬೇಕು."

ಮಳೆಗಾಲದಲ್ಲಿ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರ ಒಳಗೆ ಸಿಕ್ಕಿಸಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವ ಕೊಪ್ಪಿ ಅವಳ ಅರ್ಧ ಆಯುಷ್ಯದ ಉಡುಪು. ಮಗಳಿಗೆ ಅದು ಗೊತ್ತಿತ್ತು, ಆದರೆ ಜಪಾನಿನ ಚಿತ್ರದಲ್ಲಿ ಅದನ್ನು ಕಂಡದ್ದು ತಾಯಿಯೇ.

ಆವತ್ತು ಸಂಜೆ ರೇಣವ್ವ ಹೇಳಿದಳು: "ನನ್ನ ಚಿತ್ರಾನೂ ಒಂದ ಬರದ ಇಡು, ಸುವ್ವಿ. ನಾ ಹ್ವಾದ ಮ್ಯಾಲ ಆಧಾರ ಕಾರ್ಡಿಂದು ದೊಡ್ಡದ ಮಾಡಿ ಗ್ವಾಡಿಗೆ ಹಚ್ಚಬ್ಯಾಡ್ರಿ. ಅದರಾಗ ನಾ ಕೋಳಿ ಕದ್ದ ಸಿಕ್ಕಾಕಿ ಕಂಡಂಗ ಕಾಣತೇನಿ."

"ಬರೀತೇನಿ ತಗೋ. ಹಿಂಗ ಕುಂತಿರು."

"ಕುಂತದ್ದ ಬರೀಬ್ಯಾಡ. ಕುಂತು ಮಲಗಿ ಸಾಕಾಗೇತಿ ನನಗ. ನಡಕೋತ ಹೊಂಟದ್ದ ಬರಿ."

ಆಗಲಿ ಎಂದಳು ಸುವರ್ಣಾ. ಮಾತು ಕೊಟ್ಟಳು, ಆದರೆ ಬರೆಯಲಾಗಲಿಲ್ಲ. ತಾಯಿ ಮಲಗಿದ ಹೊತ್ತಿಗೆ ಅವಳ ಕಣ್ಣೂ ಮುಚ್ಚಿಹೋಗುತ್ತಿದ್ದವು. ಹೀಗೇ ಒಂದು ಬೆಳಿಗ್ಗೆ ರೇಣವ್ವ ಹೋಗಿಬಿಟ್ಟಳು.

ತಮ್ಮ ಪರಮಾನಂದ ದೇವಣಗಾಂವದಿಂದ ಬಂದು ತಲುಪುವಾಗ ಒಂದು ತಾಸು ತಡವಾಗಿತ್ತು. ಅವನು ಗ್ರಾಮ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ವಾಲ್ವ್ ತಿರುಗಿಸಿ, ಕೇರಿಯ ಕೊನೆಯ ಮನೆಗೆ ನೀರು ಮುಟ್ಟುವವರೆಗೆ ಕಾದು, ಮುಚ್ಚಿ ಬರಬೇಕು. ಆವತ್ತೂ ಮುಚ್ಚಿಯೇ ಬಂದಿದ್ದ. ಅಕ್ಕನನ್ನು ಬೈಯಲಿಲ್ಲ. "ಕಡೀ ಎರಡ ವರ್ಸ ನೀನs ಇಟಗೊಂಡಿ," ಎಂದಷ್ಟೇ ಅಂದ. ಅಲ್ಲಿಂದ ಮುಂದೆ ಅವನ ಫೋನು ಕೆಲಸವಿದ್ದಾಗ ಮಾತ್ರ ಬರುತ್ತಿತ್ತು. ಅವಳಿಗೂ ಕರೆದು ಮಾತಾಡುವ ಚೈತನ್ಯ ಉಳಿದಿರಲಿಲ್ಲ. ತಾಯಿ ಹೋದ ಮೇಲೆ ಅವಳು ಹಗಲೆಲ್ಲ ಮಲಗಿದಳು. ಎಷ್ಟು ಮಲಗಿದರೂ ಆಯಾಸ ಮೈಯಲ್ಲೇ ಇರುತ್ತಿತ್ತು, ಒಗೆದರೂ ಹೋಗದ ಬಟ್ಟೆಯ ಕರೆಯಂತೆ.

ವರ್ಷ ತುಂಬಲು ಒಂದು ತಿಂಗಳಿರುವಾಗ ಅವನ ಫೋನು ಬಂತು.

"ಅಕ್ಕಾ, ಬರೂ ತಿಂಗಳ ಹನ್ನೆರಡಕ್ಕ ಅವ್ವಂದು ವರ್ಸದ ಕಾರ್ಯಾ. ಸಿಂದಗ್ಯಾಗ ಪ್ರಿಂಟ್ ಹೊಡಿಯೂ ಪರಪ್ಪನ ಅಂಗಡ್ಯಾಗ ಅವ್ವನ ಫೋಟೊ ಐತಿ. ಬ್ಯಾನರಿಗೆ ಹೇಳತೇನಿ."

"ಯಾವ ಫೋಟೊ?"

"ಆಧಾರದ್ದು. ಮತ್ಯಾವುದೈತಿ?"

"ಬ್ಯಾಡ ಪರಮೂ. ಅವ್ವ ಬ್ಯಾಡಂದಿದ್ಲು. ನಾ ಬರದ ತರತೇನಿ."

"ಬರದ ತಾ. ಆದರ ಅವತ್ತ ಗ್ವಾಡಿ ಖಾಲಿ ಇರಬಾರದು ನೋಡು. ಮಂದಿ ಬರತಾರ. ಇದ್ದಾಗ ಒಂದ ಚಲೋ ಫೋಟೊ ತಗೀಲಿಲ್ಲ ಮಕ್ಕಳು ಅಂತಾರ."

ಅಂದಿನಿಂದ ಅವಳು ಬರೆಯಲು ಕೂತಳು. ಮೊದಲ ವಾರ ಮುಖಕ್ಕೇ ಹೋಯಿತು. ಎಷ್ಟು ಸಲ ಬರೆದರೂ ದಿಂಬಿನ ಮೇಲಿನ ಮುಖವೇ ಬರುತ್ತಿತ್ತು. ಗಲ್ಲ ಒಳಗೆ ಹೋದ, ನೀರು ಕೇಳುವ ಮುಖ. ಎರಡು ವರ್ಷದ ಆ ಮುಖ ಅದಕ್ಕೂ ಮುಂಚಿನ ಎಲ್ಲ ಮುಖಗಳನ್ನು ಮುಚ್ಚಿಬಿಟ್ಟಿತ್ತು. ಎರಡು ಬೆರಳಿನಿಂದ ತಟ್ಟಿ ತಟ್ಟಿ ಅಳಿಸಿದಳು. ಪೆನ್ನು ಕೆಳಗಿಟ್ಟು, ಜಪಾನಿನ ಮುದುಕನ ಹಾಗೆ ಸುಮ್ಮನೆ ಕೂತಳು.

ಹಾಗೆ ಕೂತಾಗ ಬಂದದ್ದು ತಾಯಿಯ ಬೆನ್ನು. ಶಾಲೆ ಇಲ್ಲದ ದಿನ ಅವಳ ಹಿಂದೆ ಎಷ್ಟು ಮೈಲು ನಡೆದಿರಬೇಕು ಸುವರ್ಣಾ! ಭೀಮೆಯ ದಂಡೆಯ ಕರಿ ಎರೆಮಣ್ಣು ಮಳೆಗೆ ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಸೇರು ಸೇರು ಭಾರವಾಗುತ್ತಿತ್ತು. ಮುಂದೆ ಕೊಪ್ಪಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಕಳೆ ತೆಗೆಯುವ ಕುರ್ಪಿ. ಎಡಗಾಲು ಸ್ವಲ್ಪ ಹೊರಕ್ಕೆ ಬೀಸುತ್ತಿತ್ತು.

ಹದಿನೆಂಟು ದಿನ ಆ ಬೆನ್ನಿಗೆ ಹಿಡಿಯಿತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ದಿನಕ್ಕೆ ಅರ್ಧ ತಾಸು ಬರೆದು, ಎರಡು ತಾಸು ಮಲಗಿದಳು. ಕೊನೆಗೆ ಚಿತ್ರದಲ್ಲಿ ಉಳಿದದ್ದು ಇಷ್ಟು: ಕೆಳಗೆ ಎಡ ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಹೆಂಗಸು, ಕೊಪ್ಪಿ ಹೊದ್ದು, ಬೆನ್ನು ತೋರಿಸಿ ಆಚೆ ನಡೆದಿದ್ದಾಳೆ. ಕಾಲಡಿ ಒಂದೇ ಒಂದು ಕಪ್ಪು ಗೆರೆಯ ನೆಲ. ಮೇಲಿನಿಂದ ಓರೆಯಾಗಿ ಕೂದಲೆಳೆಯಷ್ಟು ಸಣ್ಣ ಮಳೆಗೆರೆಗಳು. ಉಳಿದ ಮುಕ್ಕಾಲು ಭಾಗ ಬಿಳಿ. ಜಪಾನಿನವರು ಹೆಸರಿನ ಕೆಂಪು ಮುದ್ರೆ ಒತ್ತುವ ಜಾಗದಲ್ಲಿ ಅವಳು ರೇಣವ್ವನ ಹೆಬ್ಬೆಟ್ಟಿನ ಗುರುತನ್ನು ಇಟ್ಟಳು. ವೃದ್ಧಾಪ್ಯ ವೇತನದ ಹಳೆಯ ಅರ್ಜಿಯಿಂದ ಅದನ್ನು ತೆಗೆದು, ಕೆಂಪು ಮಾಡಿ, ಮೂಲೆಯಲ್ಲಿ ಕೂರಿಸಿದ್ದು.

ಅಬಿದಾ ಅದನ್ನು ಹತ್ತಿರ ಹಿಡಿದು ನೋಡಿದಳು. "ನೋಡಕೋತ ನಿಂತ್ರ ನನ್ನ ಕಾಲ ನೋಯಾಕತ್ವು, ಸುವರ್ಣಕ್ಕಾ," ಎಂದಳು. ತಾನೇ ಕೂತು ಅದನ್ನು ಪರಪ್ಪನ ಫೋನಿಗೆ ಕಳಿಸಿಕೊಟ್ಟಳು. ಆರಡಿಗೆ ನಾಲ್ಕಡಿ. ಪರಪ್ಪ ತಕ್ಷಣ ಫೋನು ಮಾಡಿದ: "ಅಕ್ಕೋರ, ನೀವ್ ಈ ಬಿಸಲಾಗ ಅಡ್ಡಾಡಬ್ಯಾಡ್ರಿ. ಎಲ್ಲಾ ನಾ ನೋಡಕೋತೇನಿ. ಹನ್ನೆರಡನೇ ತಾರೀಕ ಮುಂಜಾನೆ ಬಂದು ಒಯ್ಯೂದೊಂದ ನಿಮ್ಮ ಕೆಲಸ."

ಹೋಗಿ ಒಮ್ಮೆ ನೋಡಿ ಬರಬೇಕಿತ್ತು. ಮೂರು ಸಲ ಹೊರಡಲು ಚಪ್ಪಲಿ ಮೆಟ್ಟಿ, ಮೂರು ಸಲವೂ ಬಾಗಿಲಲ್ಲೇ ಕೂತುಬಿಟ್ಟಳು.

ಹನ್ನೆರಡರ ಬೆಳಿಗ್ಗೆ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದಾಗ ಪರಪ್ಪ ಕಾದು ನಿಂತಿದ್ದ. ನಲವತ್ತೈದರ ಗಟ್ಟಿ ಆಳು. ಅವನ ಮಗಳು ಸುವರ್ಣಾಳ ಕೈಯಲ್ಲಿ ಚಿತ್ರ ಕಲಿತವಳು. ಆ ಕಡೆಯ ಹತ್ತು ಹಳ್ಳಿಯ ಲಗ್ನ, ಹುಟ್ಟುಹಬ್ಬ, ಶ್ರದ್ಧಾಂಜಲಿ ಎಲ್ಲವೂ ಅವನ ಯಂತ್ರದಿಂದಲೇ ಹೊರಬರುತ್ತಿದ್ದವು.

"ಬರ್ರಿ ಅಕ್ಕೋರ, ಕುಂಡರ್ರಿ. ಚಾ ಹೇಳೇನಿ. ನೋಡ್ರಿ, ಹ್ಯಾಂಗ ಬಂದೈತಿ!" ಎಂದು ಕೌಂಟರಿನ ಮೇಲೆ ಬಿಡಿಸಿ ಹಾಸಿದ.

ಸುವರ್ಣಾಳಿಗೆ ಮೊದಲು ಅದು ಬೇರೆ ಯಾರದೋ ಅನ್ನಿಸಿತು. ಸುತ್ತಲೂ ಗುಲಾಬಿಯ ಅಂಚು. ಮೇಲೆ, ಅವಳು ಬಿಟ್ಟಿದ್ದ ಬಿಳಿಯ ತುಂಬ, ದುಂಡಗೆ ಕತ್ತರಿಸಿದ ತಲೆಗಳು. ಪರಮಾನಂದ, ಅವನ ಹೆಂಡತಿ, ಮಕ್ಕಳು, ಚಿಕ್ಕಪ್ಪಂದಿರ ಮಕ್ಕಳು, ಅಳಿಯಂದಿರು, ಕಪ್ಪು ಕನ್ನಡಕ ಹಾಕಿದ ಯಾರೋ ಒಬ್ಬ. ನಡುವೆ ಕೊಪ್ಪಿಯ ಹೆಂಗಸು ಹತ್ತು ಪಟ್ಟು ದೊಡ್ಡವಳಾಗಿ ನಿಂತಿದ್ದಳು. ಬೆನ್ನು ಹಾಗೆಯೇ ಇತ್ತು. ಬೆನ್ನಿನ ಮೇಲೆ, ಕೊಪ್ಪಿಯ ನಡುವೆ, ಆಧಾರ್ ಕಾರ್ಡಿನ ಮುಖ.

"ಪರಪ್ಪಾ, ಇದೇನಪಾ ಇದು?"

ಅವನ ಮುಖ ಸಣ್ಣದಾಯಿತು. "ಯಾಕ್ರಿ? ಯಾರರ ಬಿಟ್ಟ ಹ್ವಾದ್ರೇನು? ಬರೋಬ್ಬರಿ ಇಪ್ಪತ್ತಾರ ಮಂದೀನ ಹಾಕೇನ್ರಿ. ನಿಮ್ಮ ಮನಿತನದ ಫೋಟೊ ಎಲ್ಲಾ ನಮ್ಮ ಕಂಪ್ಯೂಟರದಾಗ ಅದಾವಲ್ರೀ, ಹಿಂದಿನ ಲಗ್ನದ್ದು. ಇಂಡಿ ಅಳ್ಯಾರದಷ್ಟ ಇರಲಿಲ್ಲ. ಫೋನ್ ಹಚ್ಚಿ ತರಸೇನಿ. ಒಬ್ಬರ ಮಾರಿ ಬಿಟ್ಟ್ರ ಆ ಮನಿಯವರು ಊಟಕ್ಕ ಕುಂಡ್ರೂದಿಲ್ರಿ."

"ನಾ ಕಳಿಸಿದ್ದ ಹಂಗs ಇರಬೇಕಾಗಿತ್ತು."

"ಹಂಗ ಹ್ಯಾಂಗ ಕೊಡ್ಲಿ ಅಕ್ಕೋರ? ಮುಕ್ಕಾಲ ಖಾಲಿ ಇತ್ತು. ಮಷಿನ್ಯಾಗ ಶಾಯಿ ತೀರಿದಾಗ ಹಿಂಗ ಬರತೈತಿ. ಪರಪ್ಪ ಅಕ್ಕೋರಿಗೆ ಕೆಟ್ಟ ಪ್ರಿಂಟ್ ಹೊಡದ ಕೊಟ್ಟಾನ ಅಂತಾರ ಮಂದಿ. ಮ್ಯಾಲ ಉದ್ದಕ್ಕ ಸ್ಕ್ರ್ಯಾಚ್ ಬಿದ್ದಿದ್ವು, ಒಂದೊಂದ ಹುಡುಕಿ ತಗದೇನಿ. ಮೂಲ್ಯಾಗ ಒಂದ ಕೆಂಪ ಕಲಿ ಇತ್ತು, ಅದನ್ನೂ ಒರಸೇನಿ. ಮತ್ತ ತಾಯಿ ಮಾರೀನ ಇರಲಿಲ್ಲ." ಅವನು ಅವಳ ಮಣಿಕಟ್ಟಿನ ಪಟ್ಟಿಯನ್ನು ನೋಡಿ ದನಿ ತಗ್ಗಿಸಿದ. "ಮಾರಿ ಬರಿಯೂದ್ರಾಗ ನಿಮ್ಮ ಕೈ ಸೋತಿರಬೇಕು ಅಂತ ತಿಳದೇನಿ. ಅದಕ ನಾನs ಕುಂತು ಹಚ್ಚೇನ್ರಿ. ನಿನ್ನಿ ಮಧ್ಯಾಹ್ನದ ಊಟಾ ಬಿಟ್ಟು."

ಅವಳು ಬೈಯಬೇಕೆಂದು ಬಾಯಿ ತೆರೆದಳು. ಊಟ ಬಿಟ್ಟು ಕೂತು ಮಳೆಯನ್ನು ಒಂದೊಂದೇ ಗೆರೆ ಹುಡುಕಿ ಅಳಿಸಿದವನನ್ನು ಏನೆಂದು ಬೈಯುವುದು?

"ಇನ್ನೊಂದ ಹೊಡದ ಕೊಡಾಕ ಆಗತೈತೇನು? ನಾ ಕಳಿಸಿದ್ದು ಹಂಗs?"

"ಕರೆಂಟ್ ಎರಡಕ್ಕ ಬರತೈತ್ರಿ." ಅವನು ಯಂತ್ರವನ್ನು, ಗೋಡೆಯ ಗಡಿಯಾರವನ್ನು, ಅವಳನ್ನು ನೋಡಿದ. "ತಪ್ಪಾತೇನ್ರಿ ಅಕ್ಕೋರ?"

"ಇರ್ಲಿ ಬಿಡಪಾ. ಸುತ್ತಿ ಕೊಡು."

ಅವನು ಮಡಿಕೆ ಬೀಳದಂತೆ ಕೊಳವೆಗೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿ ದಾರದಿಂದ ಕಟ್ಟಿದ. ಬಸ್ಸಿನವರೆಗೂ ಹೊತ್ತು ತಂದು, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಕಂಡಕ್ಟರನಿಗೆ "ನಮ್ಮ ಅಕ್ಕೋರು, ದೇವಣಗಾಂವಕ್ಕ ಹುಷಾರಿಲೆ ಇಳಸು" ಎಂದು ಹೇಳಿ ಕೆಳಗೆ ಇಳಿದ. ಬಸ್ಸು ಹೊರಡುವವರೆಗೆ ಅಪರಾಧಿಯಂತೆ ನಿಂತೇ ಇದ್ದ.

ದಾರಿಯುದ್ದಕ್ಕೂ ಅವಳು ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಳು ಬರಲಿಲ್ಲ. ಅವ್ವ ಕೇಳಿದ್ದು ಒಂದೇ ಒಂದು, ಬೇಡವೆಂದದ್ದೂ ಒಂದೇ ಒಂದು. ಬೇಡವೆಂದದ್ದೇ ಆರಡಿ ಉದ್ದವಾಗಿ ಮಡಿಲಲ್ಲಿತ್ತು. ಬರಿಗೈಯಲ್ಲಿ ಹೋದರೆ ಗೋಡೆ ಖಾಲಿ ಇರುತ್ತದೆ. ಅದೊಂದನ್ನೇ ಪರಮಾನಂದ ಕೇಳಿದ್ದು. ಸಿಟ್ಟು ಮಾಡಿಕೊಳ್ಳಲು ಬೇಕಾದಷ್ಟು ಕಸುವು ಮೈಯಲ್ಲಿ ಎಲ್ಲಿದೆ ಎಂದು ಹುಡುಕಿ, ಸಿಗದೆ, ಕಿಟಕಿಗೆ ತಲೆ ಆನಿಸಿದಳು.

ದೇವಣಗಾಂವದ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೊ, ಮೇಣದ ಬತ್ತಿ. ಹಿಂದಿನ ಗೋಡೆಗೆ ಎರಡು ಮೊಳೆ ಮೊದಲೇ ಹೊಡೆದಿಟ್ಟಿದ್ದ ಪರಮಾನಂದ ಬ್ಯಾನರನ್ನು ಬಿಡಿಸಿ ಕಟ್ಟಿದ. ಒಂದೇ ನಿಮಿಷದಲ್ಲಿ ಅದರ ಮುಂದೆ ಜನ ಸೇರಿದರು.

"ಏ, ಇಲ್ಲೀಕ ನಾ ಅದೇನಿ ನೋಡು."

"ನಂದು ಯಾವ ಕಾಲದ ಫೋಟೊ ಹಾಕ್ಯಾರೋ! ಮೀಸೀನ ಬಂದಿಲ್ಲ."

"ಅಳ್ಯಾ ಕನ್ನಡಕಾ ಹಾಕ್ಕೊಂಡ ಕುಂತಾನ. ಶೋಕದಾಗೂ ಹೀರೋನ ಅಂವ."

ಪರಮಾನಂದ ಎಲ್ಲವನ್ನೂ ಒಮ್ಮೆ ನೋಡಿ, ಅಕ್ಕನ ಕಡೆ ತಿರುಗದೆ, "ಆಧಾರದ್ದ ಬ್ಯಾಡಂದಿದ್ದಿ," ಎಂದ. ಅವಳು "ಹೂಂ" ಎಂದಳು. "ಅವ್ವ ಖರೇನ ಬ್ಯಾಡಂದಿದ್ಲೇನು?" ಅವಳು ಮತ್ತೆ "ಹೂಂ" ಎಂದಳು. ಅವನು ನೀರಿನ ಕೊಡ ತರಲು ಹೋದ.

ಆಗ ರುಕ್ಮವ್ವ ಕೋಲೂರಿಕೊಂಡು ಬಂದಳು. ಎಂಬತ್ತು ದಾಟಿದ ಮುದುಕಿ. ನಲವತ್ತು ವರ್ಷ ರೇಣವ್ವನ ಜೊತೆ ಒಂದೇ ಸಾಲಿನಲ್ಲಿ ಕಳೆ ತೆಗೆದವಳು. ಬ್ಯಾನರಿನ ಮುಂದೆ ನಿಂತು, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದಳು.

"ಮಂದಿ ಭಾಳ ಅದಾರಲ್ಲಬೇ. ಸಂತಿ ಆಗೇತಿ. ಇದರಾಗ ರೇಣಿ ಎಲ್ಲಿ?"

"ನಡುವ ನೋಡ ಯವ್ವಾ, ದೊಡ್ಡಾಕಿ," ಎಂದರು ಯಾರೋ.

"ಇಕಿ ಯಾರೋ ಮತ್ತ," ಎಂದಳು ರುಕ್ಮವ್ವ. ಬಂದು ಸುವರ್ಣಾಳ ಪಕ್ಕದಲ್ಲಿ, ಪೆಂಡಾಲಿನ ಕಂಬದ ಬುಡದಲ್ಲಿ ಕೂತಳು. ಅವಳ ಮಣಿಕಟ್ಟಿನ ಪಟ್ಟಿಯನ್ನು ಮುಟ್ಟಿ ನೋಡಿದಳು. "ಭಾಳ ಸೊರಗಿ ತಂಗೀ. ಅವ್ವನ ಎತ್ತಿ ಎತ್ತಿ ಹಿಂಗಾತೇನು?"

ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸುವರ್ಣಾ ಚೀಲದಿಂದ ಟ್ಯಾಬ್ ತೆಗೆದು, ಚಿತ್ರ ತೆರೆದು, ಮುದುಕಿಯ ಮಡಿಲಲ್ಲಿ ಇಟ್ಟಳು.

ರುಕ್ಮವ್ವ ಅದನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ತಂದಳು. ಬಿಳಿಯ ಬೆಳಕು ಅವಳ ಮುಖದ ಸುಕ್ಕಿನ ಮೇಲೆ ಬಿತ್ತು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ, ಹೊಲದ ಆ ತುದಿಗೆ ಕೇಳಬೇಕು ಎನ್ನುವಷ್ಟು ಜೋರಾಗಿ ಕೂಗಿದಳು:

"ಏ ರೇಣೀ! ತಡೀಬೇ! ಎಟ್ಟ ಲಗೂ ಹೊಂಟೀ?"

ರುಕ್ಮವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಅವಳು ನಗುತ್ತಿದ್ದಳು. "ಮುಂದಿನ ಸಾಲ ಯಾವಾಗ್ಲೂ ಆಕೀದ. ನನಗ ಆಕಿ ಮಾರಿ ಯಾವಾಗ ಕಂಡಿತ್ತು? ನಲವತ್ತ ವರ್ಸ ಈ ಬೆನ್ನ ನೋಡಕೋತ ದುಡದೇನಿ. ಎಡಗಾಲ ನೋಡ, ಹೊರಗ ಬೀಸತಾಳ. ಪರಮ್ಯಾನ ಹಡದ ಮ್ಯಾಲ ಆಕೀ ಕಾಲ ಹಂಗಾತು."

ಕೊಡ ಹೊತ್ತು ಬರುತ್ತಿದ್ದ ಪರಮಾನಂದ ಅಲ್ಲೇ ನಿಂತ. ಕೊಡವನ್ನು ಇಳಿಸಿ, ಮುದುಕಿಯ ಹೆಗಲ ಮೇಲಿಂದ ಬಗ್ಗಿದ. ನೋಡುತ್ತಿರುವಾಗಲೇ ಚಿತ್ರ ಮಬ್ಬಾಗಿ, ಗಾಜು ಕಪ್ಪಾಯಿತು.

"ಎಲ್ಲಿ ಹೋತಕ್ಕಾ?" ಅವನ ದನಿಯಲ್ಲಿ ಗಾಬರಿ ಇತ್ತು.

"ಎರಡ ನಿಮಿಷಕ್ಕ ನಿದ್ದಿ ಮಾಡತೈತಿ ಅದು. ಮಬ್ಬ ಆದಕೂಡ್ಲೆ ಬೆರಳ ಮುಟ್ಟಸಬೇಕು, ಹೋಗೂದಿಲ್ಲ." ಎಂದು ಅವಳು ಮತ್ತೆ ತೆರೆದುಕೊಟ್ಟಳು. ಆ ನಿದ್ದೆಯ ಹೊತ್ತನ್ನು ಬದಲಿಸುವ ದಾರಿ ಅದರೊಳಗೆ ಎಲ್ಲೋ ಇದ್ದೀತು. ಅಬಿದಾಳಿಗೆ ಗೊತ್ತಿತ್ತು, ಸುವರ್ಣಾಳಿಗೆ ಗೊತ್ತಿರಲಿಲ್ಲ.

ಪರಮಾನಂದ ಒದ್ದೆ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡ. ಟ್ಯಾಬನ್ನು ರುಕ್ಮವ್ವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಹೋಗಿ, ಮೇಜಿನ ಮೇಲೆ, ಬುದ್ಧನ ಮೂರ್ತಿಯ ಪಕ್ಕದಲ್ಲಿ ಹೂವಿಗೆ ಒರಗಿಸಿ ನಿಲ್ಲಿಸಿದ. ಮೇಲೆ ಇಪ್ಪತ್ತಾರು ತಲೆಗಳ ಬ್ಯಾನರು ಹಾಗೇ ಇತ್ತು. ಅದನ್ನು ಬಿಚ್ಚಿದರೆ ಇಪ್ಪತ್ತಾರು ಮನಸ್ಸು ಕೆಡುತ್ತಿದ್ದವು. ಅದರ ಕೆಳಗೆ ಒಂದು ಗೇಣಿನ ಬಿಳಿ ಮಳೆಯಲ್ಲಿ ರೇಣವ್ವ ನಡೆದಿದ್ದಳು. ಸುವರ್ಣಾಳಿಂದ ಚಾರ್ಜರು ಕೇಳಿ ಪಡೆದು, ಪಕ್ಕದ ಮನೆಯಿಂದ ವೈರು ಎಳೆದು ತಂದು ಹಚ್ಚಿದ. ಆಮೇಲೆ ಒಂದು ಕುರ್ಚಿ ಹಾಕಿಕೊಂಡು ಮೇಜಿನ ಬದಿಗೆ ಕೂತ.

ತ್ರಿಸರಣ, ಪಂಚಶೀಲ ನಡೆದವು. ಬಂದವರು ಒಬ್ಬೊಬ್ಬರೇ ಹೂವು ಇಟ್ಟರು. ಗಾಜು ಮಬ್ಬಾಗತೊಡಗಿದಾಗಲೆಲ್ಲ ಪರಮಾನಂದನ ತೋರುಬೆರಳು ಮುಂದೆ ಹೋಗಿ, ಮಲಗಿದ ಕೂಸಿನ ಕೆನ್ನೆ ಮುಟ್ಟುವಷ್ಟು ಹಗುರವಾಗಿ ಮುಟ್ಟಿ ಬರುತ್ತಿತ್ತು. ಚಿತ್ರದ ಮೇಲೆ ಬೆರಳು ಬೀಳದಂತೆ ಅವನು ಖಾಲಿ ಜಾಗವನ್ನೇ ಮುಟ್ಟುತ್ತಿದ್ದ. ಮಾತಾಡಿಸಿದವರಿಗೆ ತಲೆಯಷ್ಟೇ ಆಡಿಸಿದ. ಎದ್ದು ಹೋಗಲಿಲ್ಲ.

ಅದನ್ನು ನೋಡುತ್ತ ನೋಡುತ್ತ ಸುವರ್ಣಾ ಕಂಬಕ್ಕೆ ಒರಗಿದಳು. ರುಕ್ಮವ್ವ ತನ್ನ ಸೆರಗನ್ನು ಮಡಚಿ ಅವಳ ತಲೆಗೂ ಕಂಬಕ್ಕೂ ನಡುವೆ ಇಟ್ಟದ್ದು ಸ್ವಲ್ಪ ತಿಳಿಯಿತು. ಊಟದ ಸಾಲಿನ ಗದ್ದಲ, "ಹುಗ್ಗಿ ತರ್ರಿ ಇತ್ಲಾಗ", ತಾಟುಗಳ ಸದ್ದು, ಎಲ್ಲ ದೂರ ದೂರ ಹೋಯಿತು. ಮೂರು ವರ್ಷಗಳಲ್ಲಿ ಮೊದಲ ಸಲ ಯಾರದೋ ಮಗ್ಗುಲು ಬದಲಿಸಬೇಕು ಎಂಬ ಎಚ್ಚರವಿಲ್ಲದೆ ಅವಳು ನಿದ್ದೆ ಹೋದಳು.

ಕಣ್ಣು ಬಿಟ್ಟಾಗ ಬಿಸಿಲು ಪೆಂಡಾಲಿನ ಆ ಬದಿಗೆ ಹೊರಳಿತ್ತು. ಜನ ಹೋಗಿದ್ದರು. ಹಿತ್ತಿಲಲ್ಲಿ ಯಾರೋ ದೊಡ್ಡ ಪಾತ್ರೆ ಉಜ್ಜುತ್ತಿದ್ದರು. ರುಕ್ಮವ್ವ ಪಕ್ಕದಲ್ಲೇ ಕುಳಿತು ತೂಕಡಿಸುತ್ತಿದ್ದಳು. ಮೇಜಿನ ಮೇಲೆ ಮಳೆ ಇನ್ನೂ ಬೀಳುತ್ತಿತ್ತು. ಕುರ್ಚಿಯಲ್ಲಿ ಪರಮಾನಂದ ಇನ್ನೂ ಕೂತಿದ್ದ.

ಸುವರ್ಣಾ ಎದ್ದು, ಮರಗಟ್ಟಿದ ಕಾಲನ್ನು ಎಳೆದುಕೊಂಡು ಅವನ ಹತ್ತಿರ ಹೋದಳು. ಅವನ ಕುರ್ಚಿಯ ಕೆಳಗೆ ಒಂದು ತಾಟು ಇತ್ತು, ಇನ್ನೊಂದು ತಾಟು ಅದರ ಮೇಲೆ ಮುಚ್ಚಿ. ಗಾಜು ಮಬ್ಬಾಗುತ್ತಿತ್ತು. ಅವನು ಎಡಗೈಯ ಬೆರಳನ್ನು ಚಾಚಿ ಅದನ್ನು ಮುಟ್ಟಿ, ಬಲಗೈಯಿಂದ ತಾಟನ್ನು ಎತ್ತಿ, ಮುಚ್ಚಳ ತೆಗೆದು, ರೊಟ್ಟಿ, ಬದನೆಕಾಯಿ ಪಲ್ಯ, ಹುಗ್ಗಿ ಇದ್ದ ಅದನ್ನು ಅವಳ ಕೈಗೆ ಕೊಟ್ಟ.